ಉಗ್ರಾಣದ ಮೂಲೆಯ ಹಳೇ ಡಬ್ಬ

ಮಕ್ಕಳೇ, ಕಾಫಿ ತೋಟದ ಉಗ್ರಾಣವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಗೊಬ್ಬರದ ಚೀಲ, ಏಣಿ, ಔಷಧ ಹೊಡೆಯುವ ಪಂಪು, ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ, ಸುಣ್ಣ ಎಲ್ಲವೂ ಅಲ್ಲಿರುತ್ತವೆ. ಇವುಗಳ ಹಿಂದೆ ಚೀಟಿ ಕಿತ್ತುಹೋದ, ತುಕ್ಕು ಹಿಡಿದ ಡಬ್ಬವೊಂದು ಇದ್ದರೂ ಇರಬಹುದು. ಅದರಲ್ಲಿ ಏನಿದೆ ಎಂದು ಕೇಳಿದರೆ “ಯಾವುದೋ ಹಳೇ ಔಷಧ” ಎನ್ನುತ್ತಾರೆ. ನಾವು ಔಷಧ ಎನ್ನುವುದು ರೂಢಿ. ಆದರೆ ಹುಳುವನ್ನು ಕೊಲ್ಲಲು ತಯಾರಿಸಿದ್ದು ವಿಷ ತಾನೇ?

ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ತೋಟಗಳಲ್ಲಿ ಅರೇಬಿಕಾ ಕಾಫಿಗೆ ದೊಡ್ಡ ಶತ್ರು ಬಿಳಿ ಕಾಂಡ ಕೊರಕ. ಇದರ ಹೆಣ್ಣು ದುಂಬಿ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಎಲೆ ಹಳದಿಯಾಗಿ ಗಿಡ ಒಣಗುವ ಹೊತ್ತಿಗೆ ಮಾಡುವುದೇನೂ ಉಳಿದಿರುವುದಿಲ್ಲ. ಆದ್ದರಿಂದ ಮೊಟ್ಟೆಯಿಡುವ ಕಾಲದಲ್ಲೇ ಕಾಂಡಕ್ಕೆ ಲಿಂಡೇನ್ ಎಂಬ ಕೀಟನಾಶಕ ಬಳಿಯುವುದು ಬಹಳ ವರ್ಷ ನಡೆಯಿತು. ಆಮೇಲೆ ಭಾರತ ಸರ್ಕಾರ 2011ರ ಮಾರ್ಚ್‌ನಿಂದ ಲಿಂಡೇನ್ ತಯಾರಿಕೆಯನ್ನೂ 2013ರ ಮಾರ್ಚ್‌ನಿಂದ ಅದರ ಬಳಕೆಯನ್ನೂ ನಿಷೇಧಿಸಿತು.

ಈಗ ಒಂದು ಪ್ರಶ್ನೆ. ನಿಷೇಧದ ಹಿಂದಿನ ದಿನ ಉಗ್ರಾಣದಲ್ಲಿದ್ದ ಡಬ್ಬ ಮರುದಿನ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಕಾನೂನು ಮಾರಾಟವನ್ನು ನಿಲ್ಲಿಸುತ್ತದೆ, ಬಳಕೆಯನ್ನು ನಿಲ್ಲಿಸುತ್ತದೆ. ಡಬ್ಬದೊಳಗಿನ ವಿಷವನ್ನು ಇಲ್ಲವಾಗಿಸುವುದಿಲ್ಲ. ಅವಧಿ ಮುಗಿದ ಕೀಟನಾಶಕದ ಕಥೆಯೂ ಇಷ್ಟೇ. ಹುಳುವಿನ ಮೇಲೆ ಅದರ ಪ್ರಭಾವ ಕುಗ್ಗಿರಬಹುದು, ಹಾಗೆಂದು ಅದು ನೀರಾಗಿಬಿಡುವುದಿಲ್ಲ. ಹೀಗೆ ಬಳಸಲೂ ಆಗದ, ಇಟ್ಟುಕೊಳ್ಳಲೂ ಆಗದ ಕೀಟನಾಶಕಗಳು ಅಪಾಯಕಾರಿ ತ್ಯಾಜ್ಯ ಎನಿಸಿಕೊಳ್ಳುತ್ತವೆ.

ಲಿಂಡೇನ್‌ನ ಒಂದು ಅಣುವಿನಲ್ಲಿ ಆರು ಇಂಗಾಲ, ಆರು ಹೈಡ್ರೋಜನ್, ಆರು ಕ್ಲೋರಿನ್ ಪರಮಾಣುಗಳಿವೆ. ಇಂಥ ಅಣುವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಬೇಗ ಒಡೆಯಲಾರವು. ಅದು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಹುಳುವಿನಿಂದ ಮೀನಿಗೆ, ಮೀನಿನಿಂದ ಅದನ್ನು ತಿನ್ನುವವರಿಗೆ ಸಾಗಿ ಮೈಯಲ್ಲಿ ಸಂಗ್ರಹವಾಗುತ್ತದೆ.

ನಿಮ್ಮ ಜಿಲ್ಲೆಯ ನಕ್ಷೆ ತೆಗೆದು ನೋಡಿ. ಭದ್ರೆ ಕಳಸವನ್ನು ಹಾದು ಲಕ್ಕವಳ್ಳಿಯ ಜಲಾಶಯ ಸೇರುತ್ತಾಳೆ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ಗೊರೂರಿನ ಜಲಾಶಯ ತುಂಬಿ ಕಾವೇರಿಗೆ ಸೇರುತ್ತಾಳೆ. ನಮ್ಮ ಬೆಟ್ಟದ ಹಳ್ಳಕ್ಕೆ ಬಿದ್ದದ್ದನ್ನು ದೂರದ ಊರಿನವರು ಕುಡಿಯುತ್ತಾರೆ.

ಒಂದು ಲೆಕ್ಕ ಮಾಡೋಣ. 5 ಲೀಟರ್ ಡಬ್ಬದ ತಳದಲ್ಲಿ ಸೂಜಿಯಷ್ಟು ತೂತು ಬಿದ್ದು ನಿಮಿಷಕ್ಕೆ ಒಂದೇ ಹನಿ ತೊಟ್ಟಿಕ್ಕುತ್ತಿದೆ ಎನ್ನಿ. ದಿನಕ್ಕೆ 1,440 ಹನಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಆದರೆ ದಿನಕ್ಕೆ 72 ಮಿಲಿಲೀಟರ್. 70 ದಿನದೊಳಗೆ ಡಬ್ಬ ಬರಿದು! ಜೂನ್ ಮೊದಲ ವಾರ ಶುರುವಾದರೆ ಆಗಸ್ಟ್ ನಡುವಿಗೆ, ಅಂದರೆ ಮಲೆನಾಡಿನ ಜಡಿಮಳೆಯಲ್ಲೇ, ಎಲ್ಲವೂ ಹೊರಗೆ. (ಈ ಪ್ರಯೋಗವನ್ನು ಬರೀ ನೀರಿನಿಂದ ತರಗತಿಯಲ್ಲಿ ಮಾಡಿ ನೋಡಬಹುದು.)

ಹಾಗಾದರೆ ಸುಟ್ಟುಬಿಟ್ಟರೆ? ಬೇಡವೇ ಬೇಡ. ಕಸದ ಬೆಂಕಿಯಲ್ಲಿ ಕ್ಲೋರಿನ್ ಇರುವ ವಸ್ತು ಅರೆಬರೆ ಸುಟ್ಟು ಡಯಾಕ್ಸಿನ್ ಎಂಬ ಇನ್ನೂ ಕೆಟ್ಟ ವಿಷ ಹುಟ್ಟುತ್ತದೆ. ಇಂಥದ್ದನ್ನು ಸುಡಲು ವಿಶೇಷ ಕುಲುಮೆ ಬೇಕು. ಅಲ್ಲಿ 1,100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹೊಗೆಯನ್ನು ಕನಿಷ್ಠ 2 ಸೆಕೆಂಡು ಹಿಡಿದಿಡುತ್ತಾರೆ, ಆಮೇಲೆ ತೊಳೆದು ಬಿಡುತ್ತಾರೆ. ಗುಂಡಿ ತೋಡಿ ಹೂತರೆ ಬಾವಿಗೆ ಇಳಿಯುತ್ತದೆ. ಒಬ್ಬ ಬೆಳೆಗಾರನಾಗಲಿ ಒಂದು ಪಂಚಾಯಿತಿಯಾಗಲಿ ಇಂಥ ಕುಲುಮೆ ಕಟ್ಟಲು ಸಾಧ್ಯವಿಲ್ಲ. ಅದಕ್ಕೇ ಇಡೀ ದೇಶಕ್ಕೆ ಒಂದು ಯೋಜನೆ ಬೇಕಾಗುವುದು.

ಯೋಜನೆಯ ಮೊದಲ ಕೆಲಸ ಎಣಿಕೆ. ಯಾವ ಊರಿನಲ್ಲಿ, ಯಾವ ವಿಷ, ಎಷ್ಟು, ಸೋರುತ್ತಿದೆಯೇ? ಇದು ಗೊತ್ತಿಲ್ಲದೆ ಕುಲುಮೆ ಎಷ್ಟು ದೊಡ್ಡದಿರಬೇಕು, ಲಾರಿ ಎಷ್ಟು ಬೇಕು ಎಂದು ಹೇಳುವುದು ಹೇಗೆ? ಆಮೇಲೆ ಸೋರುವುದನ್ನು ಗಟ್ಟಿ ಪಾತ್ರೆಗೆ ತುಂಬಬೇಕು, ಜೋಪಾನವಾಗಿ ಸಾಗಿಸಬೇಕು, ಕೊನೆಗೆ ನಾಶ ಮಾಡಬೇಕು.

ಕನ್ನಡಿಗರೂ ಇರುವ ಕಾಸರಗೋಡು ಜಿಲ್ಲೆಯನ್ನೇ ನೋಡಿ. ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಎಣ್ಮಕಜೆಯಂಥ ಊರುಗಳ ಜನರು ಕಾಯಿಲೆಗಳಿಂದ ನರಳಿದ್ದು ದೇಶಕ್ಕೆಲ್ಲ ತಿಳಿಯಿತು. 2000ದ ಕೊನೆಗೆ ಸಿಂಪಡಣೆ ನಿಂತಿತು. ಆದರೆ ಉಳಿದ ವಿಷ ಗೋದಾಮಿನ ಬ್ಯಾರೆಲ್‌ಗಳಲ್ಲೇ ಉಳಿಯಿತು. ಬ್ಯಾರೆಲ್‌ಗಳು ಹಳತಾದವು. ಅದನ್ನು ಹೊಸ ಪಾತ್ರೆಗಳಿಗೆ ವರ್ಗಾಯಿಸಿದ್ದು 2012ರಲ್ಲಿ. ನಡುವೆ ಎಷ್ಟು ಮಳೆಗಾಲ ಹೋಯಿತು ಲೆಕ್ಕ ಹಾಕಿ.

ಸಾಗಿಸುವುದೂ ಸುಲಭವಲ್ಲ. ಲಿಂಡೇನ್ ತಯಾರಿಸುವಾಗ ಒಂದು ಟನ್ನಿಗೆ ಆರರಿಂದ ಹತ್ತು ಟನ್ ಬೇಡದ ವಸ್ತು ಉಳಿಯುತ್ತದೆ. ಸ್ಪೇನ್ ದೇಶದ ಸಬಿನ್ಯಾನಿಗೊ ಎಂಬ ಬೆಟ್ಟದೂರಿನ ಕಾರ್ಖಾನೆ ಅದನ್ನು ಹತ್ತಿರದಲ್ಲೇ ಸುರಿದಿತ್ತು. 2014ರಲ್ಲಿ ಆ ರಾಶಿಯನ್ನು ಸುರಕ್ಷಿತ ಜಾಗಕ್ಕೆ ಸಾಗಿಸುವಾಗಲೇ ವಿಷ ಗಾಯೆಗೊ ನದಿಗೆ ಸೇರಿ, ಕೆಳಗಿನ ಊರುಗಳವರು ನಲ್ಲಿ ನೀರು ಕುಡಿಯದಂತಾಯಿತು.

ಹಲವು ದೇಶಗಳು ಸೇರಿ 2001ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಒಪ್ಪಂದ ಮಾಡಿಕೊಂಡವು. ಸುಲಭವಾಗಿ ಕರಗದ 12 ವಿಷಗಳು ಮೊದಲ ಪಟ್ಟಿಯಲ್ಲಿದ್ದವು. 2009ರಲ್ಲಿ ಲಿಂಡೇನ್, 2011ರಲ್ಲಿ ಎಂಡೋಸಲ್ಫಾನ್ ಆ ಪಟ್ಟಿಗೆ ಸೇರಿದವು. ಭಾರತ 2006ರಲ್ಲಿ ಒಪ್ಪಂದಕ್ಕೆ ಸೇರಿ, ಮೊದಲ 12 ವಿಷಗಳ ಬಗ್ಗೆ ತನ್ನ ರಾಷ್ಟ್ರೀಯ ಯೋಜನೆಯನ್ನು 2011ರಲ್ಲಿ ಸಲ್ಲಿಸಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯವನ್ನು ಶೇಖರಿಸುವ ಜಾಗವಿದೆ. ಅಲ್ಲಿ ನೆಲಕ್ಕೆ ಜೇಡಿಮಣ್ಣು, ದಪ್ಪ ಪ್ಲಾಸ್ಟಿಕ್ ಹಾಳೆಗಳ ಪದರ ಹಾಸಿರುತ್ತಾರೆ. ಬಸಿದ ನೀರನ್ನು ಬೇರೆಯಾಗಿ ಹಿಡಿಯುತ್ತಾರೆ. ದಾಬಸ್‌ಪೇಟೆ ಇದೆ, ಕಾನೂನೂ ಇದೆ. ಮೂಲೆಯ ಡಬ್ಬ ಅಲ್ಲಿಯವರೆಗೆ ಹೋಗುವ ದಾರಿಯೇ ಕಷ್ಟದ್ದು, ಏಕೆಂದರೆ ಆ ಡಬ್ಬ ಇನ್ನೂ ಯಾರ ಪಟ್ಟಿಯಲ್ಲೂ ಇಲ್ಲ.

ಹಳೇ ಡಬ್ಬ ಕಂಡರೆ ಮುಟ್ಟಬೇಡಿ, ಮೂಸಬೇಡಿ, ಮುಚ್ಚಳ ತೆಗೆಯಬೇಡಿ. ಖಾಲಿಯಾಗಿದ್ದರೂ ಅದರಲ್ಲಿ ನೀರು ತುಂಬಿಡಬಾರದು. ದೂರದಿಂದಲೇ ಚೀಟಿ ನೋಡಿ. ಕೀಟನಾಶಕದ ಚೀಟಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಎಂದರೆ ಅತ್ಯಂತ ತೀವ್ರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ. ಎಲ್ಲಿ, ಎಷ್ಟು ಡಬ್ಬ, ಯಾವ ಬಣ್ಣ, ಸೋರುತ್ತಿದೆಯೇ ಎಂಬುದನ್ನು ಮನೆಯ ಹಿರಿಯರಿಗೋ ನಿಮ್ಮ ಶಿಕ್ಷಕರಿಗೋ ಹೇಳಿ. ಅವರು ಅದನ್ನು ಕೃಷಿ ಇಲಾಖೆಗೆ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಬರೆದು ತಿಳಿಸಬಹುದು.