ಎಂಎನ್‌ಡಿ ಸಂಶೋಧನೆಗೆ ಪಿಎಚ್‌ಡಿ ಹಣ: ಗೆಲ್ಲುವ ಹತ್ತು ಸೂತ್ರಗಳು

ಮೋಟಾರ್ ನ್ಯೂರಾನ್ ಕಾಯಿಲೆ (ಎಂಎನ್‌ಡಿ) ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಕೈಹಿಡಿತ ಸಡಿಲವಾಗುತ್ತದೆ, ಕಾಲು ಎಡವುತ್ತದೆ, ಮಾತು ತೊದಲುತ್ತದೆ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಕೊನೆಗೆ ಉಸಿರಾಟವೇ ಸೋಲುತ್ತದೆ. ಇದರ ಅತಿ ಸಾಮಾನ್ಯ ರೂಪ ಎಎಲ್‌ಎಸ್. ಫ್ರಾನ್ಸಿನ ವೈದ್ಯ ಶಾರ್ಕೊ ಅದನ್ನು ವಿವರಿಸಿದ್ದು 1869ರಲ್ಲಿ. ಆಯಸ್ಸನ್ನು ಕೆಲವೇ ತಿಂಗಳು ಹಿಗ್ಗಿಸುವ ರಿಲುಜೋಲ್ ಎಂಬ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ನಡುವೆ 126 ವರ್ಷ ಕಳೆದಿತ್ತು.

ಈ ಕಾಯಿಲೆಯ ಮೇಲೆ ಪಿಎಚ್‌ಡಿ ಮಾಡಬೇಕೆಂದಿರುವ ಎಂಎಸ್ಸಿ, ಎಂಬಿಬಿಎಸ್, ಎಂಟೆಕ್ ಓದಿದ ಕನ್ನಡದ ಹುಡುಗ ಹುಡುಗಿಯರಿಗೆ ಈ ಮಾತುಗಳು. ಜಾಣ್ಮೆಯ ಕೊರತೆಯಿಂದ ಇಂಥ ಅರ್ಜಿಗಳು ಸೋಲುವುದು ಅಪರೂಪ. ಹಣ ಯಾರ ಜೇಬಿನಿಂದ ಬರುತ್ತದೆ, ಕೊಡುವವರಿಗೆ ಏನು ಬೇಕು ಎಂಬುದನ್ನು ತಿಳಿಯದೆ ಬರೆದದ್ದರಿಂದಲೇ ಅವು ಹೆಚ್ಚಾಗಿ ಸೋಲುತ್ತವೆ.

1. ಪ್ರಶ್ನೆ ಚಿಕ್ಕದಿರಲಿ

“ಎಎಲ್‌ಎಸ್‌ಗೆ ಮದ್ದು ಹುಡುಕುತ್ತೇನೆ” ಎಂದು ಬರೆದ ಪ್ರಸ್ತಾವನೆಯನ್ನು ಆಯ್ಕೆ ಸಮಿತಿ ಮೊದಲ ಪುಟದಲ್ಲೇ ಬದಿಗಿಡುತ್ತದೆ. ಎಸ್‌ಒಡಿ1 ಎಂಬ ಜೀನ್‌ನ ದೋಷ ಈ ಕಾಯಿಲೆ ತರುತ್ತದೆಂದು ಗೊತ್ತಾದದ್ದು 1993ರಲ್ಲಿ. ಆ ದೋಷಕ್ಕೇ ಗುರಿಯಿಟ್ಟ ಟೊಫರ್ಸೆನ್ ಔಷಧಿಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 2023ರಲ್ಲಿ. ಆ ಮೂವತ್ತು ವರ್ಷಗಳಲ್ಲಿ ಎಷ್ಟೋ ಪಿಎಚ್‌ಡಿಗಳು ಒಂದೊಂದು ಸಣ್ಣ ಪ್ರಶ್ನೆಗೆ ಉತ್ತರ ಕೊಟ್ಟು ಸರಿದುಹೋದವು. ಅಷ್ಟಾದರೂ ಎಸ್‌ಒಡಿ1 ದೋಷವಿರುವವರು ಒಟ್ಟು ರೋಗಿಗಳಲ್ಲಿ ಶೇಕಡಾ 2ರಷ್ಟು ಮಾತ್ರ.

ಟಿಡಿಪಿ-43 ಎಂಬ ಪ್ರೋಟೀನ್ ನರಕೋಶದ ಕೇಂದ್ರದಿಂದ ಹೊರಬಂದು ಗಂಟುಕಟ್ಟುವುದು 2006ರಲ್ಲಿ ತಿಳಿಯಿತು. ಎಎಲ್‌ಎಸ್ ರೋಗಿಗಳಲ್ಲಿ ಸುಮಾರು ಶೇಕಡಾ 97 ಮಂದಿಯಲ್ಲಿ ಇದು ಕಾಣುತ್ತದೆ. “ಟಿಡಿಪಿ-43ರ ಪಾತ್ರ” ಎಂಬುದು ಸಂಶೋಧನೆಯ ಪ್ರಶ್ನೆಯಲ್ಲ, ಅಧ್ಯಾಯದ ಹೆಸರು. ಆ ಪ್ರೋಟೀನ್ ಹೊರಗೆ ಹೋದಾಗ ಯಾವ ಒಂದು ಕೆಲಸ ಕೆಡುತ್ತದೆ, ಅದನ್ನು ಯಾವ ಕೋಶದಲ್ಲಿ, ಯಾವ ಅಳತೆಯಿಂದ ನೋಡುತ್ತೀರಿ ಎಂದು ಬರೆದಾಗ ಅದು ಪ್ರಶ್ನೆಯಾಗುತ್ತದೆ. ಒಂದೇ ವಾಕ್ಯದಲ್ಲಿ ಹೇಳಲು ಬರಬೇಕು. ಬಾರದಿದ್ದರೆ ಇನ್ನೂ ಓದುವುದಿದೆ.

2. ಫೆಲೋಶಿಪ್ ಬೇರೆ, ಗ್ರಾಂಟ್ ಬೇರೆ

ನಮ್ಮ ವಿದ್ಯಾರ್ಥಿಗಳು ಎಡವುವ ಮೊದಲ ಮೆಟ್ಟಿಲು ಇದು. ಸಿಎಸ್‌ಐಆರ್-ಯುಜಿಸಿ ನೆಟ್ ಪಾಸಾಗಿ ಜೆಆರ್‌ಎಫ್ ಸಿಕ್ಕರೆ 2023ರ ಪರಿಷ್ಕರಣೆಯ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ ಆದಾಗ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಡಿಬಿಟಿ, ಐಸಿಎಂಆರ್ ಹೆಸರಿನಲ್ಲೂ ಜೆಆರ್‌ಎಫ್ ಇವೆ. ಕರ್ನಾಟಕ ಸರ್ಕಾರದ ಕೆಸ್ಟೆಪ್ಸ್ ಸಂಸ್ಥೆಯೂ ವಿಜ್ಞಾನದ ಪಿಎಚ್‌ಡಿಗೆ ಫೆಲೋಶಿಪ್ ಕೊಡುತ್ತದೆ. ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ತಿಂಗಳಿಗೆ 70,000 ರೂಪಾಯಿಯಿಂದ ಶುರುವಾಗಿದ್ದ ಯೋಜನೆ. ಐಐಟಿ ಮತ್ತು ಐಐಎಸ್‌ಸಿಗಳಿಗೆ ಐದು ವರ್ಷಗಳಲ್ಲಿ 10,000 ಫೆಲೋಶಿಪ್ ಕೊಡುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು.

ಇದೆಲ್ಲ ಮುಖ್ಯವಾಗಿ ನಿಮ್ಮ ಊಟ, ವಸತಿಯ ಹಣ. ಪ್ರಯೋಗಕ್ಕೆಂದು ಸಿಎಸ್‌ಐಆರ್ ಕೊಡುವ ಕಂಟಿಂಜೆನ್ಸಿ ವರ್ಷಕ್ಕೆ 20,000 ರೂಪಾಯಿ. ನರಕೋಶ ಬೆಳೆಸುವ ದ್ರಾವಣ, ಆಂಟಿಬಾಡಿ, ಜೀನ್ ಸೀಕ್ವೆನ್ಸಿಂಗ್ ಇವುಗಳ ಮುಂದೆ ಆ ಹಣ ಏನೇನೂ ಅಲ್ಲ. ಆದ್ದರಿಂದ ಲ್ಯಾಬ್ ಸೇರುವ ಮುನ್ನ ಗೈಡ್ ಹತ್ತಿರ ಕೇಳಿ: ಈ ವಿಷಯಕ್ಕೆ ಐಸಿಎಂಆರ್, ಡಿಬಿಟಿ ಅಥವಾ ಎಎನ್‌ಆರ್‌ಎಫ್ ಗ್ರಾಂಟ್ ಈಗ ನಡೆಯುತ್ತಿದೆಯೇ, ಅದು ಯಾವಾಗ ಮುಗಿಯುತ್ತದೆ? ಕೇಳಲು ಸಂಕೋಚ ಬೇಡ. ಒಳ್ಳೆಯ ಗೈಡ್ ಈ ಪ್ರಶ್ನೆಯನ್ನು ಮೆಚ್ಚುತ್ತಾರೆ.

ಡಿಬಿಟಿ-ವೆಲ್‌ಕಮ್ ಇಂಡಿಯಾ ಅಲಯನ್ಸ್ ಹೆಸರು ಕೇಳಿ ಹಲವರು ಅರ್ಜಿ ನಮೂನೆ ಹುಡುಕುತ್ತಾರೆ. ಅದು ಸ್ವತಂತ್ರವಾಗಿ ಸಂಶೋಧನೆ ನಡೆಸಲು ಹೊರಟವರಿಗೆ ಇರುವ ಹಣ. ವಿದ್ಯಾರ್ಥಿಯ ಪಿಎಚ್‌ಡಿ ಫೆಲೋಶಿಪ್ ಅಲ್ಲಿ ಹುಡುಕಬೇಡಿ.

3. ಬ್ರಿಟನ್ನಿನಲ್ಲಿ ಹಣ ಗೈಡ್ ಕೈಗೆ ಹೋಗುತ್ತದೆ

ಎಂಎನ್‌ಡಿ ಸಂಶೋಧನೆಗೆಂದೇ ಪಿಎಚ್‌ಡಿ ಹಣ ಕೊಡುವ ದೊಡ್ಡ ಹೆಸರು ಬ್ರಿಟನ್ನಿನ ಎಂಎನ್‌ಡಿ ಅಸೋಸಿಯೇಷನ್. 1979ರಲ್ಲಿ ಹುಟ್ಟಿದ ದತ್ತಿ ಸಂಸ್ಥೆ ಇದು. ಸ್ಟೀಫನ್ ಹಾಕಿಂಗ್ ಇದರ ಪೋಷಕರಾಗಿದ್ದರು. ಇಲ್ಲಿ ಅರ್ಜಿ ಹಾಕುವವರು ಪ್ರಾಧ್ಯಾಪಕರು. ಅವರ ಯೋಜನೆ ಒಪ್ಪಿಗೆಯಾದ ಮೇಲೆ ವಿದ್ಯಾರ್ಥಿಗಾಗಿ ಜಾಹೀರಾತು ಬರುತ್ತದೆ. ಹಾಗಾಗಿ ಸಂಸ್ಥೆಗೆ ನೇರವಾಗಿ “ನನಗೆ ಹಣ ಕೊಡಿ” ಎಂದು ಬರೆದು ಫಲವಿಲ್ಲ. ಶೆಫೀಲ್ಡಿನ ಸಿಟ್ರಾನ್, ಎಡಿನ್‌ಬರೋದ ಯೂಅನ್ ಮ್ಯಾಕ್‌ಡೊನಾಲ್ಡ್ ಸೆಂಟರ್, ಲಂಡನ್ನಿನ ಕಿಂಗ್ಸ್ ಕಾಲೇಜು ಇಂಥ ಕಡೆ ಯಾರಿಗೆ ಯಾವ ಯೋಜನೆ ಸಿಕ್ಕಿದೆ ಎಂದು ನೋಡಿಟ್ಟುಕೊಳ್ಳಿ. ಸ್ಕಾಟ್ಲೆಂಡಿನ ರಗ್ಬಿ ಆಟಗಾರ ಡಾಡಿ ವಿಯರ್ ಕಟ್ಟಿದ ಪ್ರತಿಷ್ಠಾನ, ಆಸ್ಟ್ರೇಲಿಯಾದಲ್ಲಿ ನೀಲ್ ಡ್ಯಾನಿಹರ್ ಸೇರಿ ಕಟ್ಟಿದ ಫೈಟ್‌ಎಂಎನ್‌ಡಿ ಇವುಗಳ ಸಂಶೋಧನಾ ಹಣದ ಪಟ್ಟಿಯನ್ನೂ ಗಮನಿಸಿ.

ಒಂದು ಎಚ್ಚರಿಕೆ. ಬ್ರಿಟನ್ನಿನ ಸರ್ಕಾರಿ ಸಂಶೋಧನಾ ಮಂಡಳಿಗಳ ಕನಿಷ್ಠ ಸ್ಟೈಪೆಂಡ್ 2025-26ಕ್ಕೆ ವರ್ಷಕ್ಕೆ 20,780 ಪೌಂಡ್. ಆದರೆ ಹಲವು ಯೋಜನೆಗಳು ಶುಲ್ಕವನ್ನು ಅಲ್ಲಿಯ ನಿವಾಸಿಗಳ ದರದಲ್ಲಿ ಮಾತ್ರ ತುಂಬುತ್ತವೆ. ಹೊರದೇಶದವರಿಗೆ ಉಳಿಯುವ ವ್ಯತ್ಯಾಸ ದೊಡ್ಡದು. “ವ್ಯತ್ಯಾಸದ ಶುಲ್ಕ ಯಾರು ಕೊಡುತ್ತಾರೆ?” ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಬರುವ ತನಕ ಟಿಕೆಟ್ ತೆಗೆಯಬೇಡಿ, ಮನೆಯವರಿಗೆ ಸಾಲ ಮಾಡಿಸಬೇಡಿ.

4. ಪತ್ರ ಒಂದು ಪುಟ ಮೀರದಿರಲಿ

ನೂರು ಜನರಿಗೆ ಒಂದೇ ಪತ್ರ ಕಳಿಸಿದರೆ ನೂರು ಮಂದಿಯೂ ಅಳಿಸುತ್ತಾರೆ. ಅವರ ಒಂದು ಲೇಖನ ಓದಿ, ಅದರಲ್ಲಿ ಉತ್ತರ ಸಿಗದೆ ಉಳಿದ ಒಂದು ಅಂಶ ಹೇಳಿ. ನಿಮಗೆ ಮಾಡಲು ಬರುವ ಕೆಲಸವನ್ನು ಹೆಸರಿಸಿ: ಕೋಶ ಬೆಳೆಸುವುದೋ, ಅಂಕಿಅಂಶವೋ, ಇಎಂಜಿ ಓದುವುದೋ. ಸಾಕು.

5. ಕೊಟ್ಟವರು ಯಾರೆಂದು ಮರೆಯಬೇಡಿ

2014ರ ಬೇಸಿಗೆಯಲ್ಲಿ ಜನ ತಲೆಯ ಮೇಲೆ ಮಂಜುನೀರು ಸುರಿದುಕೊಂಡ ಐಸ್ ಬಕೆಟ್ ಚಾಲೆಂಜ್ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ 11.5 ಕೋಟಿ ಡಾಲರ್ ತಂದಿತು. ಅದರಲ್ಲಿ ಒಂದು ಪಾಲು ಹೋದ ಜೀನ್ ಅಧ್ಯಯನದಿಂದ 2016ರಲ್ಲಿ ಎನ್‌ಇಕೆ1 ಎಂಬ ಜೀನ್‌ನ ನಂಟು ಹೊರಬಂತು. ಗೆಳೆಯ ರಾಬ್ ಬರೋಗೆ ಈ ಕಾಯಿಲೆ ಬಂದಾಗ ಇಂಗ್ಲೆಂಡಿನ ರಗ್ಬಿ ಆಟಗಾರ ಕೆವಿನ್ ಸಿನ್‌ಫೀಲ್ಡ್ 2020ರ ಡಿಸೆಂಬರಿನಲ್ಲಿ ಏಳು ದಿನ ಏಳು ಮ್ಯಾರಥಾನ್ ಓಡಿ ಹಣ ಕೂಡಿಸಿದರು. ಬರೋ 2024ರಲ್ಲಿ ತೀರಿಕೊಂಡರು. ಡಾಡಿ ವಿಯರ್ 2022ರಲ್ಲೇ ಹೋಗಿದ್ದರು. ಈ ಹಣದ ಹಿಂದೆ ರೋಗಿಗಳಿದ್ದಾರೆ, ಅವರನ್ನು ಕಳೆದುಕೊಂಡ ಮನೆಗಳಿವೆ. ಫಲ ತಮಗೆ ದಕ್ಕುವುದಿಲ್ಲ ಎಂದು ಗೊತ್ತಿದ್ದೂ ಕೊಟ್ಟವರು ಅವರು.

ಅದಕ್ಕೇ ಇಂಥ ದತ್ತಿ ಸಂಸ್ಥೆಗಳು ಜನಸಾಮಾನ್ಯರಿಗೆ ತಿಳಿಯುವ ಸಾರಾಂಶ ಕೇಳುತ್ತವೆ. ಅನೇಕ ಕಡೆ ರೋಗಿಗಳೂ ಆರೈಕೆ ಮಾಡುವವರೂ ಅದನ್ನು ಓದಿ ಅಭಿಪ್ರಾಯ ಕೊಡುತ್ತಾರೆ. ಕೊನೆಯ ರಾತ್ರಿ ಗೀಚುವ ಪುಟವಲ್ಲ ಅದು. ನನ್ನ ಸಲಹೆ: ಮೊದಲು ಕನ್ನಡದಲ್ಲಿ ಬರೆಯಿರಿ. ವಿಜ್ಞಾನ ಓದದ ಅಮ್ಮನಿಗೋ ಅಜ್ಜನಿಗೋ ಓದಿ ಹೇಳಿ. ಅವರು “ಹಾಗಾದರೆ ಇದರಿಂದ ರೋಗಿಗೆ ಏನಾಗುತ್ತೆ?” ಎಂದು ಕೇಳುವ ಜಾಗದಲ್ಲೇ ನಿಮ್ಮ ಪ್ರಸ್ತಾವನೆಯ ತೂತು ಇರುತ್ತದೆ. ಅದನ್ನು ಮುಚ್ಚಿದ ಮೇಲೆ ಇಂಗ್ಲಿಷಿಗೆ ಹೋಗಿ.

6. ನಮ್ಮ ನೆಲದಲ್ಲೇ ಇರುವ ಪ್ರಶ್ನೆಗಳನ್ನು ಎತ್ತಿಕೊಳ್ಳಿ

ಕರ್ನಾಟಕದ ವಿದ್ಯಾರ್ಥಿಗೆ ಬೋಸ್ಟನ್ನಿನ ವಿದ್ಯಾರ್ಥಿಗಿಲ್ಲದ ಒಂದು ಅನುಕೂಲವಿದೆ, ಅದನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಒಂದೇ ಕೈ ಅಥವಾ ಒಂದೇ ಕಾಲು ಸೊರಗಿ, ಕೆಲವು ವರ್ಷ ಬೆಳೆದು, ಆಮೇಲೆ ತಾನಾಗಿ ನಿಂತುಬಿಡುವ, ಹೆಚ್ಚಾಗಿ ಎಳೆಯ ಗಂಡಸರಲ್ಲಿ ಕಾಣುವ ಎಂಎನ್‌ಡಿ ರೂಪವೊಂದಿದೆ. ಅದಕ್ಕೆ ಮಾನೊಮೆಲಿಕ್ ಅಮಯೋಟ್ರೊಫಿ ಎಂದು ಹೆಸರಿಟ್ಟು 1984ರಲ್ಲಿ ವಿವರಿಸಿದ್ದು ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು. ಇನ್ನೊಂದು ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ, 1970ರಲ್ಲಿ ವರದಿಯಾದದ್ದು. ಚಿಕ್ಕ ವಯಸ್ಸಿನಲ್ಲಿ ಶುರುವಾಗಿ, ಕೈಕಾಲು ಸೊರಗುವುದರ ಜೊತೆ ಮುಖ ಮತ್ತು ನಾಲಿಗೆಯ ಸ್ನಾಯುಗಳು ಸೋತು, ಕಿವಿಯೂ ಮಂದವಾಗಿ, ಬಹಳ ನಿಧಾನಕ್ಕೆ ಸಾಗುವ ಈ ರೂಪ ಮುಖ್ಯವಾಗಿ ದಕ್ಷಿಣ ಭಾರತದಿಂದಲೇ ವರದಿಯಾಗಿದೆ.

ಒಂದು ರೂಪ ತಾನಾಗಿ ನಿಲ್ಲುತ್ತದೆ, ಎಎಲ್‌ಎಸ್ ಕೊಲ್ಲುತ್ತದೆ. ನಿಲ್ಲಿಸಿದ್ದು ಯಾವುದು? ಇಡೀ ಜಗತ್ತಿಗೆ ಬೇಕಾದ ಉತ್ತರವೊಂದು ಈ ಪ್ರಶ್ನೆಯಲ್ಲಿದೆ.

ನಿಮ್ಹಾನ್ಸ್ ತಂಡ 2008ರಲ್ಲಿ ಮೂವತ್ತು ವರ್ಷಗಳಲ್ಲಿ ನೋಡಿದ 1,153 ಎಎಲ್‌ಎಸ್ ರೋಗಿಗಳ ವಿವರ ಪ್ರಕಟಿಸಿತು. ಅವರಲ್ಲಿ ಕಾಯಿಲೆ ಪಶ್ಚಿಮದ ದೇಶಗಳಿಗಿಂತ ಸುಮಾರು ಒಂದು ದಶಕ ಮೊದಲೇ, ಸರಾಸರಿ 46ರ ಆಸುಪಾಸಿನಲ್ಲಿ ಶುರುವಾಗಿತ್ತು. ರೋಗಿಗಳ ಬೆನ್ನುಹುರಿಯ ದ್ರವವನ್ನು ಎಳೆಯ ಇಲಿಗಳಿಗೆ ಕೊಟ್ಟು ನರಕೋಶಕ್ಕೆ ಏನಾಗುತ್ತದೆಂದು ನೋಡುವ ಕೆಲಸವೂ ಅಲ್ಲಿ ನಡೆದಿದೆ. ಪ್ರಸ್ತಾವನೆಯ ಮೊದಲ ಪುಟದಲ್ಲಿ ಇಂಥ ಕೆಲಸದ ಮೇಲೆ ನಿಲ್ಲಿ. ಪರದೇಶದ ಸಮಿತಿ ಕೇಳುವ “ಈ ಕೆಲಸ ನೀವೇ ಏಕೆ ಮಾಡಬೇಕು?” ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ.

7. ಸ್ಯಾಂಪಲ್ ಎಲ್ಲಿಂದ ಎಂದು ಮೊದಲೇ ತೀರ್ಮಾನಿಸಿ

ರೋಗಿಗಳಿಂದ ಸ್ಯಾಂಪಲ್ ಪಡೆಯಲು ಬೇಕಾದ ಎಥಿಕ್ಸ್ ಕಮಿಟಿಯ ಒಪ್ಪಿಗೆಗೆ ತಿಂಗಳುಗಳು ಹಿಡಿಯುತ್ತವೆ. ವಿದೇಶಿ ಸಹಯೋಗವಿದ್ದರೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿಯೂ ಬೇಕು. ನರರೋಗ ತಜ್ಞರೊಬ್ಬರನ್ನು ಸಹ-ಗೈಡ್ ಮಾಡಿಕೊಳ್ಳಿ. ಎಂಎನ್‌ಡಿ ಕ್ಲಿನಿಕ್ ನಡೆಯುವ ದಿನ ಅನುಮತಿ ಪಡೆದು ಒಂದು ಮೂಲೆಯಲ್ಲಿ ಕುಳಿತು ನೋಡಿ. ಬಿಸಿನೀರಿನ ಬಕೆಟ್ ಎತ್ತಲಾಗದು, ಅಂಗಿಯ ಗುಂಡಿ ಹಾಕಲಾಗದು ಎಂದು ರೋಗಿಗಳು ಹೇಳುವುದನ್ನು ಕೇಳಿದವರ ಬರಹಕ್ಕೆ ಬೇರೆಯೇ ಬಲ ಬರುತ್ತದೆ.

8. ಲೆಕ್ಕದಲ್ಲಿ ಪ್ರಾಮಾಣಿಕರಾಗಿರಿ

ಎಎಲ್‌ಎಸ್‌ನಲ್ಲಿ ರೋಗದ ನಡೆ ಅಳೆಯುವ ರೂಢಿಯ ಮಾಪನ ಎಎಲ್‌ಎಸ್‌ಎಫ್‌ಆರ್‌ಎಸ್-ಆರ್: 12 ಪ್ರಶ್ನೆ, ಒಟ್ಟು 48 ಅಂಕ. ಒಂದು ವರ್ಷದ ಅಧ್ಯಯನದಲ್ಲಿ ಕೆಲವರು ತೀರಿಕೊಳ್ಳುತ್ತಾರೆ, ಕೆಲವರಿಗೆ ಆಸ್ಪತ್ರೆಗೆ ಬರಲು ಆಗುವುದಿಲ್ಲ. ಅವರನ್ನು ಲೆಕ್ಕದಲ್ಲಿ ಹೇಗೆ ನಿಭಾಯಿಸುತ್ತೀರಿ ಎಂದು ಮೊದಲೇ ಬರೆಯಿರಿ. ಮನೆಗೆ ಹೋಗಿ ಅಳೆಯುವ ಪ್ರಯಾಣದ ಖರ್ಚನ್ನು ಬಜೆಟ್‌ನಲ್ಲಿ ಕಾಣಿಸಿ.

ಇಲಿಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಎಸ್‌ಒಡಿ1 ದೋಷ ಹೊತ್ತ ಇಲಿಗಳು 1994ರಲ್ಲಿ ಬಂದವು. ಅವುಗಳ ಆಯಸ್ಸು ಹೆಚ್ಚಿಸಿತೆಂದು ವರದಿಯಾದ ಔಷಧಿಗಳು ಮನುಷ್ಯರಲ್ಲಿ ಒಂದಾದ ಮೇಲೊಂದು ಸೋತವು. ಅಮೆರಿಕದ ಎಎಲ್‌ಎಸ್ ಸಂಶೋಧನಾ ಸಂಸ್ಥೆಯೊಂದು 18,000 ಇಲಿಗಳಲ್ಲಿ 70ಕ್ಕೂ ಹೆಚ್ಚು ಔಷಧಿಗಳನ್ನು ಮತ್ತೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿತು. ಯಾವುದೂ ಸ್ಪಷ್ಟ ಫಲ ಕೊಟ್ಟಿರಲಿಲ್ಲ. ಹಿಂದಿನ ಅನೇಕ “ಯಶಸ್ಸು”ಗಳು ತೀರಾ ಕಡಿಮೆ ಇಲಿಗಳನ್ನು ಬಳಸಿದ್ದರಿಂದ ಮೂಡಿದ ಭ್ರಮೆ ಎಂಬ ಸಂಶಯ ಗಟ್ಟಿಯಾಯಿತು. ಗುಂಪಿಗೆ ಆರು ಇಲಿ ಎಂದು ಬರೆದು ಹಣ ಉಳಿಸುವ ಪ್ರಸ್ತಾವನೆ ಅಗ್ಗವಲ್ಲ, ವ್ಯರ್ಥ.

9. “ಇಲ್ಲ” ಎಂಬ ಉತ್ತರಕ್ಕೂ ಯೋಜನೆ ಇರಲಿ

ನಿಮ್ಮ ಊಹೆ ತಪ್ಪಾದರೆ ಮೂರು ವರ್ಷದ ಕೆಲಸದಿಂದ ಏನು ಉಳಿಯುತ್ತದೆ? ಈ ಪ್ರಶ್ನೆಗೆ ಒಂದು ಪ್ಯಾರಾ ಮೀಸಲಿಡಿ. ಐಸ್ ಬಕೆಟ್ ಹಣದ ನೆರವೂ ಪಡೆದು ಬೆಳೆದ ರೆಲಿವ್ರಿಯೋ ಎಂಬ ಔಷಧಿಗೆ 2022ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ದೊಡ್ಡ ಪರೀಕ್ಷೆಯಲ್ಲಿ ಫಲ ಕಾಣದೆ 2024ರಲ್ಲಿ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ತೆಗೆಯಿತು. ರೋಗಿಗಳಿಗೆ ಅದು ಕಹಿ ಸುದ್ದಿ. ಆದರೂ ಹಾಗೆ ಬಹಿರಂಗವಾಗಿ ಸೋಲೊಪ್ಪುವುದೇ ಮುಂದಿನ ರೋಗಿಯ ಸಮಯ ಉಳಿಸುತ್ತದೆ. ಬ್ರಿಟನ್ನಿನ ಎಂಎನ್‌ಡಿ-ಸ್ಮಾರ್ಟ್ ಪ್ರಯೋಗವಂತೂ ಹೀಗೇ ರೂಪುಗೊಂಡಿದೆ: ಫಲ ಕಾಣದ ಔಷಧಿಯನ್ನು ನಡುವೆಯೇ ಕೈಬಿಟ್ಟು ಹೊಸದನ್ನು ಸೇರಿಸುತ್ತಾರೆ. ಮೆಮಾಂಟಿನ್, ಟ್ರಾಜೊಡೋನ್ ಎರಡನ್ನೂ ಹಾಗೆ ಕೈಬಿಡಲಾಯಿತು.

10. ತಿರಸ್ಕಾರವಾದರೆ ಟಿಪ್ಪಣಿ ಕೇಳಿ ಪಡೆಯಿರಿ

ಪರಿಶೀಲಕರ ಟಿಪ್ಪಣಿಗಳಿಗೆ ಒಂದೊಂದಾಗಿ ಉತ್ತರ ಬರೆದು ಮುಂದಿನ ಸುತ್ತಿಗೆ ಮತ್ತೆ ಹಾಕಿ. ಅದೇ ಪ್ರಸ್ತಾವನೆಯನ್ನು ತಿದ್ದದೆ ಬೇರೆ ಕಡೆ ಕಳಿಸಬೇಡಿ. ಈ ವಿಷಯ ಓದುವ ಪರಿಶೀಲಕರು ಬೆರಳೆಣಿಕೆಯಷ್ಟು, ಅವರ ಕೈಗೇ ಅದು ಮತ್ತೆ ಹೋಗಬಹುದು.

ನೆಟ್ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಬ್ರಿಟನ್ನಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಶುರುವಾಗುವ ಪಿಎಚ್‌ಡಿಗಳ ಜಾಹೀರಾತು ಹೆಚ್ಚಾಗಿ ಅದರ ಹಿಂದಿನ ಚಳಿಗಾಲದಲ್ಲೇ ಬರುತ್ತದೆ. ನಿಮ್ಮ ಪ್ರಶ್ನೆಯ ಆ ಒಂದು ವಾಕ್ಯವನ್ನು ಈ ವಾರವೇ ಬರೆದು ಒಬ್ಬ ಗೈಡ್‌ಗೆ ಕಳಿಸಿ.