ನೆಲದಡಿಯ ನಾಣ್ಯಕ್ಕೆ ಹಳೆಯ ನಕ್ಷೆಯೇ ದಾರಿ

ಮಕ್ಕಳೇ, ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ನೆಲದಡಿಯಿಂದ 163 ಬೆಳ್ಳಿ ನಾಣ್ಯಗಳು ಸಿಕ್ಕವು. ಅವು ನಮ್ಮ ನಾಡಿನ ಯಾವ ಅರಸನವೂ ಅಲ್ಲ. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಎಂಬ ರೋಮ್ ಚಕ್ರವರ್ತಿಗಳ ಕಾಲದವು. ಅಂದರೆ ಸುಮಾರು 2,000 ವರ್ಷ ಹಳೆಯವು! ಸಿಕ್ಕವರು ಅವನ್ನು ಕರಗಿಸಿದ್ದರೆ ಒಂದಿಷ್ಟು ಬೆಳ್ಳಿ ಉಳಿಯುತ್ತಿತ್ತು, ಅಷ್ಟೆ. ಸಿಕ್ಕ ಊರು ಯಾವುದೆಂದು ಬರೆದಿಟ್ಟಿದ್ದರಿಂದ, ರೋಮ್ ದೇಶದ ಹಣ ನಮ್ಮ ಸೀಮೆಯವರೆಗೂ ಬಂದಿತ್ತೆಂದು ಇಂದು ನಮಗೆ ತಿಳಿದಿದೆ.

ಯಶವಂತಪುರದಿಂದ ಸುಮಾರು 10 ಕಿ.ಮೀ. ಉತ್ತರಕ್ಕೆ, ಯಲಹಂಕದ ಪಕ್ಕದಲ್ಲಿ ಪುಟ್ಟೇನಹಳ್ಳಿ ಇದೆ. ಅಲ್ಲಿ ಹಳೆಯ ವಸ್ತುಗಳನ್ನು ಹುಡುಕಬೇಕೆಂದರೆ ಎಲ್ಲಿಂದ ಆರಂಭಿಸಬೇಕು? ಇಡೀ ಊರನ್ನು ಅಗೆಯಲು ಸಾಧ್ಯವಿಲ್ಲವಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ನೆಲವನ್ನಲ್ಲ, ನಕ್ಷೆಯನ್ನು.

ನಕ್ಷೆ ತರುವಾಗ ಹೋಬಳಿಯ ಹೆಸರನ್ನು ಸರಿಯಾಗಿ ನೋಡಿಕೊಳ್ಳಿ. ಬೆಂಗಳೂರಿನ ದಕ್ಷಿಣದಲ್ಲಿ, ಜೆ.ಪಿ. ನಗರದ ಬಳಿಯೂ ಒಂದು ಪುಟ್ಟೇನಹಳ್ಳಿ ಇದೆ, ಅಲ್ಲಿಯೂ ಒಂದು ಕೆರೆ ಇದೆ!

ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರುಗಳ ಜೊತೆಗೆ ಗ್ರಾಮಠಾಣ, ಕೆರೆ, ಹಳ್ಳ, ಬಂಡಿದಾರಿ, ಗುಂಡುತೋಪು, ದೇವಸ್ಥಾನಗಳನ್ನು ಗುರುತಿಸಿರುತ್ತಾರೆ. ಈಗ ಸ್ವಲ್ಪ ಯೋಚಿಸಿ. ಜನರ ಕೈಯಿಂದ ನಾಣ್ಯ, ಬಳೆ, ಕುಡುಗೋಲು ಜಾರಿ ಬೀಳುವುದು ಎಲ್ಲಿ? ಜನ ಸೇರುವ ಕಡೆ, ಸಾಮಾನು ಇಳಿಸುವ ಕಡೆ. ಗುಂಡುತೋಪಿನ ನೆರಳಲ್ಲಿ ಗಾಡಿ ಬಿಚ್ಚಿ ಎತ್ತುಗಳಿಗೆ ಮೇವು ಹಾಕುತ್ತಿದ್ದರು. ಬಂಡಿದಾರಿ ಹಳ್ಳವನ್ನು ದಾಟುವ ಜಾಗದಲ್ಲಿ ಗಾಡಿ ಕುಲುಕುತ್ತಿತ್ತು. ಕೆರೆಯ ತೂಬಿನ ಬಳಿ ಬಟ್ಟೆ ಒಗೆಯುತ್ತಿದ್ದರು. ಇಂದು ತೋಪು ಹೋಗಿ ಬಡಾವಣೆ ಬಂದಿರಬಹುದು, ನಕ್ಷೆಯಲ್ಲಿ ಮಾತ್ರ ತೋಪು ತೋಪಾಗಿಯೇ ಇರುತ್ತದೆ.

ಇನ್ನೊಂದು ಪದವನ್ನೂ ನೆನಪಿಡಿ: ಬೇಚರಾಕು ಗ್ರಾಮ. ಇದು ಪಾರ್ಸಿ ಮೂಲದ ಮಾತು. 'ದೀಪವಿಲ್ಲದ್ದು' ಎಂದು ಅರ್ಥ. ಜನ ಬಿಟ್ಟುಹೋಗಿ, ದೀಪ ಹಚ್ಚುವವರೇ ಇಲ್ಲದ ಊರು. ಮನೆಗಳು ಬಿದ್ದುಹೋದರೂ ಇಂಥ ಊರಿನ ಹೆಸರು ಕಂದಾಯದ ದಾಖಲೆಯಲ್ಲಿ ಉಳಿಯುತ್ತದೆ. ಹಳೆಯದನ್ನು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೆ ಬೇಕೆ?

ನಕ್ಷೆಯ ಅಳತೆಯೂ ಮುಖ್ಯ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಭೂಪಟದಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 500 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಚುಕ್ಕೆ ಇಟ್ಟರೆ ಅದೇ 25 ಮೀಟರ್ ಅಗಲವಾಗುತ್ತದೆ! ಒಂದು ಮೈಲಿಗೆ 8 ಇಂಚಿನಂತೆ, ಅಂದರೆ 1:7,920 ಅಳತೆಯಲ್ಲಿ ಬರೆದ ಗ್ರಾಮ ನಕ್ಷೆಯಲ್ಲಿ ಅದೇ ಚುಕ್ಕೆ ಸುಮಾರು 4 ಮೀಟರ್ ಮಾತ್ರ.

ಜಾಗ ಗೊತ್ತಾದ ಮೇಲೆ ಲೋಹಶೋಧಕದ ಕೆಲಸ. ಅದರ ತುದಿಯಲ್ಲಿ ತಂತಿಯ ಸುರುಳಿ ಇರುತ್ತದೆ. ಸುರುಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬದಲಾಗುವ ವಿದ್ಯುತ್ ಹರಿದಾಗ ಸುತ್ತಲೂ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರದಲ್ಲಿ ಲೋಹವಿದ್ದರೆ ಅದರೊಳಗೆ ಸಣ್ಣ ಸುಳಿ ವಿದ್ಯುತ್ ಹುಟ್ಟುತ್ತದೆ. ಆ ಸುಳಿ ತನ್ನದೇ ಕಾಂತಕ್ಷೇತ್ರವನ್ನು ಉಂಟುಮಾಡಿ ಉಪಕರಣಕ್ಕೆ ಸುದ್ದಿ ಮುಟ್ಟಿಸುತ್ತದೆ. 'ಕುಯ್' ಎಂಬ ಸದ್ದು ಕೇಳುತ್ತದೆ. ತಾಮ್ರದ ಚೊಂಬು ಆಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೂ ಲೋಹಶೋಧಕಕ್ಕೆ ಸಿಕ್ಕಿಬೀಳುತ್ತದೆ. ಯಾಕೆಂದು ಈಗ ಹೇಳಬಲ್ಲಿರಾ? ಒಂದು ಮಾತು: ಸಣ್ಣ ನಾಣ್ಯವಾದರೆ ಸಾಮಾನ್ಯ ಲೋಹಶೋಧಕಕ್ಕೆ ಒಂದು ಗೇಣು ಆಳವೇ ಹೆಚ್ಚು. ಸೋಡಾ ಬಾಟಲಿಯ ಮುಚ್ಚಳಕ್ಕೂ ಅದು ಅಷ್ಟೇ ಸಂಭ್ರಮದಿಂದ ಕೂಗುತ್ತದೆ!

ನಕ್ಷೆಯೂ ಕೆಲವೊಮ್ಮೆ ಸಾಲದು. ನಮ್ಮ ರೈತರು ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಾರೆ. ಕೆರೆಯಲ್ಲಿ ಬಿದ್ದ ನಾಣ್ಯ ಅದರ ಜೊತೆ ಗಾಡಿ ಹತ್ತಿ ದೂರದ ಹೊಲ ಸೇರಬಹುದು. ಹೊಲದಲ್ಲಿ ಸಿಕ್ಕಿತೆಂದು ಅಲ್ಲೊಂದು ಹಳೆಯ ಊರಿತ್ತು ಎಂದುಬಿಟ್ಟರೆ ಲೆಕ್ಕ ತಪ್ಪುತ್ತದೆ. ಹಿರಿಯರನ್ನು ಕೇಳಲೇಬೇಕು.

ಏನಾದರೂ ಸಿಕ್ಕರೆ? ಅಗೆಯಬೇಡಿ, ತೊಳೆಯಬೇಡಿ, ಹಂಚಿಕೊಳ್ಳಬೇಡಿ. ನಮ್ಮ ರಾಜ್ಯದಲ್ಲಿ 1962ರ ನಿಧಿ ಕಾಯ್ದೆ ಇದೆ. ನೆಲದಲ್ಲಿ ಸಿಕ್ಕ ನಿಧಿಯ ವಿಷಯವನ್ನು ಸರ್ಕಾರಕ್ಕೆ ತಿಳಿಸಬೇಕು. ನಿಮ್ಮ ಶಿಕ್ಷಕರ ಮೂಲಕ ಜಿಲ್ಲಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು. ಪುಟ್ಟೇನಹಳ್ಳಿ ಕೆರೆಯಂತೂ 2015ರಿಂದ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. ಅಲ್ಲಿ ಗುದ್ದಲಿ ಹಿಡಿದು ಇಳಿಯುವಂತಿಲ್ಲ.

ಮಾಡಿ ನೋಡಿ

ನಿಮ್ಮ ಊರಿನ ಗ್ರಾಮ ನಕ್ಷೆಯ ಪ್ರತಿಯನ್ನು ಗ್ರಾಮ ಆಡಳಿತ ಅಧಿಕಾರಿಯಲ್ಲಿ ಕೇಳಿ. ತೆಳುವಾದ ಬಿಳಿ ಹಾಳೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಒಣ ಬಟ್ಟೆಯಿಂದ ಒರೆಸಿ. ಹಾಳೆ ಪಾರದರ್ಶಕವಾಗುತ್ತದೆ. ಅದನ್ನು ನಕ್ಷೆಯ ಮೇಲಿಟ್ಟು ಕೆರೆ, ದಾರಿ, ತೋಪುಗಳನ್ನು ಮೆತ್ತನೆಯ ಪೆನ್ಸಿಲ್‌ನಿಂದ ಬರೆದುಕೊಳ್ಳಿ. ಪ್ರತಿಯ ಮೇಲೆ ಎಣ್ಣೆ ಹತ್ತದಂತೆ ನಡುವೆ ಗಾಜು ಅಥವಾ ಪ್ಲಾಸ್ಟಿಕ್ ಹಾಳೆ ಇರಲಿ. ಈಗ ಊರಲ್ಲಿ ನಡೆದು ಕೆರೆ ಏರಿಯ ಒಂದು ತುದಿಯನ್ನೂ ಹಳೆಯ ದೇವಸ್ಥಾನವನ್ನೂ ಹುಡುಕಿ. ಈ ಎರಡು ಜಾಗ ಸಿಕ್ಕರೆ ಉಳಿದವನ್ನು ಹೆಜ್ಜೆ ಎಣಿಸಿಯೇ ಗುರುತಿಸಬಹುದು. ತೋಪು ಇದ್ದ ಜಾಗದಲ್ಲಿ ಈಗ ಏನಿದೆಯೆಂದು ಕೆಂಪು ಶಾಯಿಯಲ್ಲಿ ಬರೆಯಿರಿ. ಅಜ್ಜ ಅಜ್ಜಿಯರು ಆ ಜಾಗವನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೆಂದು ಕೇಳಿ, ಅದನ್ನು ನೀಲಿಯಲ್ಲಿ ಬರೆಯಿರಿ.