ಆನೆಯ ಮೈ ಮುಟ್ಟುವ ಮೊದಲು ಕಫ ಪರೀಕ್ಷೆ

ಪ್ರಶ್ನೆ: ಮಾದನಹಿಪ್ಪರಗಾದ ಕುಟುಂಬವೊಂದು ರಜೆಗೆ ಥಾಯ್ಲೆಂಡಿನ ಫುಕೆಟ್ ಕಡಲತೀರಕ್ಕೆ ಹೊರಟಿದ್ದು, ಆನೆಗೆ ಸ್ನಾನ ಮಾಡಿಸುವ ಕಾರ್ಯಕ್ರಮವೂ ಇದೆ. ಅಜ್ಜಿ ಎರಡು ತಿಂಗಳಿಂದ ಕ್ಷಯದ ಮಾತ್ರೆ ನುಂಗುತ್ತಿದ್ದಾರೆ. ಮೊಮ್ಮಗಳಿಗೆ 6 ವರ್ಷ. ಹೋಗಬಹುದೇ?

ಉತ್ತರ: ಕ್ಷಯವು ಮನುಷ್ಯರಿಂದ ಆನೆಗೂ ಆನೆಯಿಂದ ಮನುಷ್ಯರಿಗೂ ತಗುಲಬಲ್ಲ ಸೋಂಕಾಗಿರುವುದರಿಂದ, ಅಜ್ಜಿಯವರು ಚಿಕಿತ್ಸೆ ಮುಗಿಯುವವರೆಗೆ ಆನೆಯ ಸಮೀಪ ಹೋಗದಿರುವುದೇ ಲೇಸು. ವಿಮಾನ ಪ್ರಯಾಣದ ಮಟ್ಟಿಗೆ, ತೀವ್ರ ಹಂತದ, ಅಂದರೆ ಹೆಚ್ಚು ಬಗೆಯ ಔಷಧ ಕೊಡುವ ಮೊದಲ ಎರಡು ತಿಂಗಳ, ಕೊನೆಗೆ ಮಾಡುವ ಕಫ ಪರೀಕ್ಷೆಯಲ್ಲಿ ರೋಗಾಣು ಕಂಡಿಲ್ಲವೆಂಬುದು ಖಚಿತವಾಗಿ, ಆಳಂದ ತಾಲ್ಲೂಕು ಆಸ್ಪತ್ರೆಯ ಇಲ್ಲವೇ ಕಲಬುರಗಿಯ ಜಿಮ್ಸ್ ವೈದ್ಯರು ಲಿಖಿತವಾಗಿ ಒಪ್ಪಿದ ಮೇಲೆಯೇ ಟಿಕೆಟ್ ಮಾಡಿಸತಕ್ಕದ್ದು. ಮಾತ್ರೆಗಳು ವೈದ್ಯರ ಚೀಟಿಸಮೇತ ಕೈಚೀಲದಲ್ಲೇ ಇರಬೇಕು. ಒಂದು ದಿನವೂ ತಪ್ಪಬಾರದು.

ಮಗುವಿನ ಅಪಾಯ ಬೇರೆಯದು. 2025ರ ಜನವರಿಯಲ್ಲಿ ಫುಕೆಟ್ ಬಳಿಯ ಕೋ ಯಾವೊ ಯಾಯ್ ದ್ವೀಪದಲ್ಲಿ, ಪಳಗಿದ ಆನೆಗೆ ಸ್ನಾನ ಮಾಡಿಸುತ್ತಿದ್ದ ಸ್ಪೇನಿನ ಯುವತಿಯೊಬ್ಬರು ಅದೇ ಆನೆಯ ದಾಳಿಗೆ ಬಲಿಯಾದರು. ಆದ್ದರಿಂದ ಸ್ನಾನ, ಸವಾರಿಗಳನ್ನು ಕೈಬಿಟ್ಟು, ದೂರ ನಿಂತು ನೋಡುವ ಶಿಬಿರವನ್ನು ಆರಿಸಬೇಕು. ಅಷ್ಟಕ್ಕೇ ಆದರೆ ಶಿವಮೊಗ್ಗದ ಸಕ್ರೆಬೈಲು ಆನೆ ಶಿಬಿರವೂ ಸಾಲುತ್ತದೆ, ಅದೇ ಪ್ರವಾಸದಲ್ಲಿ ಮುರುಡೇಶ್ವರದ ಕಡಲೂ ಸಿಗುತ್ತದೆ. ಎಲ್ಲಿಗೆ ಹೋದರೂ, ನಾಯಿ, ಕೋತಿ ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪುನೀರಿನಲ್ಲಿ ತೊಳೆದು, ಅಂದೇ ರೇಬೀಸ್ ಲಸಿಕೆ ಹಾಕಿಸಬೇಕು.

ರೋಗಿಯೊಡನೆ ಒಂದೇ ಮನೆಯಲ್ಲಿರುವ ಮಗುವಿಗೆ ಕ್ಷಯದ ತಪಾಸಣೆ ಇನ್ನೂ ಆಗಿಲ್ಲವಾದರೆ, ಪ್ರವಾಸದ ಮಾತಿಗಿಂತ ಮೊದಲು, ಈ ವಾರವೇ ಅದನ್ನು ಮಾಡಿಸುವುದು.